ದನಿ ಹಾಕದ ಮಾತು

ಬಾಲವಾಡಿ ಬಾಯಿ ಚೀಟಿ ಬರದು ಕೊಟ್ಟಿದ್ಲು:
ಹೆಸರು ಕರದ್ರ ಹೊಳ್ಳಿ ನೋಡೂದಿಲ್ಲ.
ಕಣ್ಣಾಗ ಕಣ್ಣಿಡೂದಿಲ್ಲ.
ಕೂತಲ್ಲೇ ತೂಗತಾನ.
ಖಾಲಿ ಕಂಡಿಕಿ ಸಾಲ ಹಚ್ಚತಾನ, ಒಂದು ಸರದ್ರೂ ಚೀರತಾನ.
ಮಾತಿಲ್ಲ.
ಕೆಳಗ ಒಂದು ಇಂಗ್ಲಿಷ್ ಶಬ್ದ,
ಅದರ ಮುಂದ ಪ್ರಶ್ನಿ ಚಿಹ್ನಾ.
ಶಬ್ದ ನನಗ ಓದಾಕ ಬರಲಿಲ್ಲ.
ಚಿಹ್ನಾ ಮಾತ್ರ, ಹಣಿಗ್ಯಾಗಿಂದ ಎಳಿ ಎಳಿಯೂ ಕೊಕ್ಕಿ ಹಂಗ,
ರಾತ್ರಿ ಎಲ್ಲಾ ಎದ್ಯಾಗ ಆಡತು.

ಸಾಖರ ಪೇಠಿ ಹಿಂದಿನ ಓಣ್ಯಾಗ
ಸಾವಕಾರನ ಎಂಟು ಮಗ್ಗ, ಗ್ವಾಡಿಗಿ ಹತ್ತಿ ನಮ್ಮ ಖೋಲಿ.
ಮುಂಜಾನೆ ಏಳಕ್ಕ ಸುರು ಆದ್ರ
ಪರಾತದಾಗಿನ ನೀರು ನಡಗತದ.
ಹೊಟ್ಟ್ಯಾಗಿದ್ದಾಗಿಂದ ಇದೇ ಸಪ್ಪಳ ಕೇಳಿದಾಂವ ನನ್ನ ರೇವಣಸಿದ್ಧ.
ಜೋಗುಳ ಹಾಡಿಲ್ಲ ನಾ. ಹಾಡಿದ್ರ ಯಾರಿಗಿ ಕೇಳತಿತ್ತು?
ಲಾಳಿ ತೂಗತಿತ್ತು ಅವಂಗ,
ಖಟಕ್ ಫಟ್, ಖಟಕ್ ಫಟ್.

ಇಲ್ಲಿ ಯಾರೂ ಯಾರನ್ನೂ ಕೂಗೂದಿಲ್ಲ.
ಬೇಕಾದ್ರ ಹೆಗಲಿಗಿ ಬಡೀತೀವಿ,
ದೂರ ಇದ್ರ ನೂಲಿನ ಉಂಡಿ ಒಗೀತೀವಿ.
ಮಾತು ತುಟಿಮ್ಯಾಲೇ. ದನಿ ಹಾಕಿ ಏನು ಮಾಡೂದು,
ಮಗ್ಗ ತಿಂದು ಬಿಡತದ.
ಗುರುಬಾಳ ಆ ತುದಿಯಿಂದ ತುಟಿ ಅಲಗಿಸಿದ್ರ
ಈ ತುದಿಗಿ ನನಗ ತಿಳೀತದ, ಚಾದಾಗ ಸಕ್ಕರಿ ಕಡಿಮಿ ಆಗ್ಯಾದ ಅಂತ.
ಕಣ್ಣು ಯಾರು ನೋಡತಾರ ಇಲ್ಲಿ? ಬಾಯಿ ನೋಡತೀವಿ.

ಇದೆಲ್ಲಾ ನನಗ ಆಗ ಹೊಳೀಲಿಲ್ಲ.

ಸಿವಿಲ್ ದವಾಖಾನ್ಯಾಗ ವಯಸ್ಸಾದ ಡಾಕ್ಟರಬಾಯಿ
ಅವನ ಬೆನ್ನ ಹಿಂದ ಸ್ಟೀಲಿನ ಗ್ಲಾಸು ಬೀಳಿಸಿದ್ಲು.
ಹೊಳ್ಳಲಿಲ್ಲ. ಆಕಿ ಬರಕೊಂಡ್ಲು.
ಫ್ಯಾನು ನೋಡಕೋತ ತೂಗಿದ. ಆಕಿ ಬರಕೊಂಡ್ಲು.
ಆಕಿ ಪೆನ್ನು ನೋಡಿ ನನ್ನ ಗಂಟಲ ಒಣಗಿತು.
ಅವಸರಕ್ಕ ಅವನ ಹೆಗಲು ಮುಟ್ಟಿ ತುಟಿಲೇ ಕೇಳಿದೆ:
ಉಚ್ಚಿ ಬಂತೇನೋ?
ಅಂವ ತುಟಿಲೇ ಅಂದ:
ಇಲ್ಲ. ಮನಿಗಿ ಹೋಗೂಣು. ಈಕಿ ಚಲೋ ಇಲ್ಲ.

ಪೆನ್ನು ನಿಂತಿತು.
ಈಗೇನಂದ ಅಂವ, ಅಂದ್ಲು ಮರಾಠ್ಯಾಗ.
ಮನಿಗಿ ಹೋಗೂಣು ಅಂದ್ರಿ, ಅಂದೆ.
ಉಳದದ್ದು ನುಂಗಿದೆ.
ಆಕಿ ಕುರ್ಚಿ ಬಿಟ್ಟು ನೆಲಕ್ಕ ಕೂತ್ಲು,
ಅವನ ಕೈ ಹಿಡದು ತನ್ನ ಗಂಟಲ ಮ್ಯಾಲ ಇಟಗೊಂಡು
ಸಣ್ಣಗ ಗುಂಯ್ ಅಂದ್ಲು.
ಅಂವ ಕೈ ಹಿಂದಕ್ಕ ಎಳಕೊಂಡ. ಮತ್ತ ತಾನೇ ಇಟ್ಟ.

ಕಿವಿ ಪರೀಕ್ಷಾ ಮಾಡಿದ್ರು. ಒಂದೀಟು ಮಂದ, ಬಾಳೇನಿಲ್ಲ.
ಮೂರು ತಿಂಗಳು ಬಿಟ್ಟು ಬಾ, ಈಗಲೇ ಏನೂ ಹೆಸರಿಡೂದು ಬ್ಯಾಡ.
ದಿನಾ ಒಂದು ತಾಸು, ಗದ್ದಲಿಲ್ಲದಲ್ಲಿ, ದನಿ ಹಾಕಿ ಮಾತಾಡು.
ಗದ್ದಲಿಲ್ಲದಲ್ಲಿ ಅಂದ್ರ ಎಲ್ಲಿ, ಕೇಳಬೇಕಂದೆ,
ಅಷ್ಟರಾಗ ಮುಂದಿನ ಪಾಳಿ ಕರದ್ರು.

ಹೊರಗ ಬಾಕಿನ ಮ್ಯಾಲ ತಬಸ್ಸುಮ್ ಇದ್ಲು, ಬೀಡಿ ಕಟ್ಟಾಕಿ.
ಆಕಿ ಚೀಟ್ಯಾಗೂ ಅದೇ ಶಬ್ದ.
ಮುಂದ ಕೊಕ್ಕಿ ಇರಲಿಲ್ಲ.
ಏನಂದ್ರು ನಿನಗ, ಅಂತ ಕೇಳಿದ್ಲು.
ನನ್ನ ಖುಷಿ ಗಂಟಲತನಕ ಬಂದಿತ್ತು. ನಾಚಿಕಿ ಆತು ನನಗ ಅದರದು.
ಮತ್ತ ಬಾ ಅಂದಾರ, ಅಂದೆ.
ಆಕಿ ಮಗಳು ಬಾಗಲದಾಗ ಕೂತು ಎಲ್ಲಾರ ಚಪ್ಪಲ ಹೊಂದಸತಿತ್ತು,
ಸಣ್ಣು, ಅದರ ಬಾಜೂಕ ದೊಡ್ಡು, ಎಡಾ ಬಲಾ ತಪ್ಪದ.
ನನ್ನ ಉಂಗುಟ ಹರಕ ಚಪ್ಪಲನೂ.
ಅಷ್ಟು ಚಂದ ಯಾರೂ ಅವನ್ನ ಇಟ್ಟಿರಲಿಲ್ಲ.
ಮೆಟ್ಟಲಾರದ ತುಸು ಹೊತ್ತು ನಿಂತೆ.

ಸೂಟಿ ದಿನ. ಮಗ್ಗ ಬಂದ್.
ಅಂವ ಎರಡೂ ಕಿವಿ ಮುಚ್ಚಕೊಂಡು ಮೂಲ್ಯಾಗ ಕುಂತಾನ,
ಸುಮ್ಮಂದ್ರ ಅಂಜಿಕಿ ಅವಂಗ.
ಒಲಿ ಮುಂದಿಂದ ಕರದೆ: ರೇವಣಸಿದ್ಧಾ.
ಹೊಳ್ಳಲಿಲ್ಲ.
ಇನ್ನೊಮ್ಮಿ ಕರದೆ. ಇಲ್ಲ.
ಮೂರನೇ ಸಲ ಕರಿಯೂಕಿಂತ ಮೊದಲ
ನನ್ನ ಗಂಟಲ ಮ್ಯಾಲ
ನಂದೇ ಕೈ ಇಟ್ಟು ನೋಡಿದೆ.